ಇಲಿಮರಿ ಕಣ್ಣು ಬಿಟ್ಟ ಕತೆ

ಪತ್ರ: ‘ಆ ಕ್ಯಾನ್ಸರ್’ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ಇಲಿ, ಜೀವಕೋಶ, ಸಂಕೇತ ಅಂತ ವಿಜ್ಞಾನಿಗಳು ದುಡ್ಡು ಸುರಿಯುತ್ತಾರೆ. ನಮ್ಮೂರಲ್ಲಿ ತಪಾಸಣೆಗೆ ಒಂದು ಯಂತ್ರವಿಲ್ಲ. ‘ಆ ಕ್ಯಾನ್ಸರ್’ ಬಂದ ಬಡ ಹೆಣ್ಣುಮಗಳಿಗೆ ಇದರಿಂದ ಏನು ಬಂತು?
– ಓದುಗರೊಬ್ಬರು, ಅಥಣಿ ತಾಲ್ಲೂಕು

ಸಂಪಾದಕರ ಉತ್ತರ: ಯಂತ್ರ ಬೇಕು ಸರ್, ಆ ಮಾತು ಖರೇ. ಆದರೆ ‘ಏನು ಬಂತು’ ಅಂದಿರಲ್ಲ, ಅದನ್ನು ಓದಿ ಸುಮ್ನೆ ಕೂರಲು ನನ್ನಿಂದಾಗಲಿಲ್ಲ.

ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ನರ ಬೆಳೆಸುವ ಒಂದು ಪದಾರ್ಥದ ಬೆನ್ನು ಹತ್ತಿದ್ದರು. ಇಲಿಯ ಜೊಲ್ಲುಗ್ರಂಥಿಯ ರಸವನ್ನು ಆಗತಾನೇ ಹುಟ್ಟಿದ ಮರಿಗಳಿಗೆ ಚುಚ್ಚಿದರು. ಮರಿಗಳು ದಿನ ತುಂಬುವ ಮೊದಲೇ ಕಣ್ಣು ಬಿಟ್ಟವು! ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಅವರು ಕೆದಕಿದರು. ಕೋಶಕ್ಕೆ ‘ಬೆಳೆ’ ಎಂದು ಹೇಳುವ ಇಜಿಎಫ್ ಎಂಬ ಪ್ರೋಟೀನ್ ಸಿಕ್ಕಿತು. 1986ರಲ್ಲಿ ಸಹೋದ್ಯೋಗಿಯಾಗಿದ್ದ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆ ಅವರಿಗೆ ನೊಬೆಲ್ ಬಂತು.

ನಿಮ್ಮ ಹೊಲದ ಬೋರಿನ ಮೋಟರು ನೆನಪಿಸಿಕೊಳ್ಳಿ. ಸ್ಟಾರ್ಟರ್ ಒತ್ತಿದರೆ ನೀರು, ಆಫ್ ಮಾಡಿದರೆ ನಿಲ್ಲುತ್ತದೆ. ಕೋಶದ ಮೈಮೇಲೂ ಇಂಥ ಗುಂಡಿಗಳಿವೆ. ಇಜಿಎಫ್ ಒತ್ತುವ ಗುಂಡಿಯ ಒಡಹುಟ್ಟಿದ್ದೇ ಹರ್-2 ಎಂಬ ಇನ್ನೊಂದು ಗುಂಡಿ. ಸ್ತನ ಕ್ಯಾನ್ಸರ್ ಆದ 100 ಮಂದಿಯಲ್ಲಿ ಹೆಚ್ಚುಕಡಿಮೆ 15-20 ಮಂದಿಯ ಗಡ್ಡೆಯಲ್ಲಿ ಈ ಗುಂಡಿ ಅತಿಯಾಗಿರುತ್ತದೆ. ಮೋಟರು ನಿಲ್ಲುವುದೇ ಇಲ್ಲ. ಅಂಥವರಿಗೆ ರೋಗ ಬೇಗ ಮರಳುತ್ತದೆ ಎಂದು 1987ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯ ಡೆನ್ನಿಸ್ ಸ್ಲೇಮನ್ ಅವರ ತಂಡ ತೋರಿಸಿತು. ಆ ಗುಂಡಿಗೇ ಹೋಗಿ ಅಂಟಿಕೊಂಡು ಮೋಟರಿಗೆ ತಡೆ ಹಾಕುವ ಔಷಧಿ ಟ್ರಾಸ್ಟುಜುಮಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರಿಂದ ಬದುಕಿದ ಹೆಣ್ಣುಮಕ್ಕಳು ಎಷ್ಟೋ ಮಂದಿ. ಇಲಿಮರಿಯ ರೆಪ್ಪೆ ನೋಡುತ್ತಿದ್ದ ದಿನ ಕೋಹೆನ್ ಅವರನ್ನು ‘ಇದರಿಂದ ಏನು ಬಂತು’ ಅಂತ ಕೇಳಿದ್ದರೆ ಅವರು ಏನು ಹೇಳಬೇಕಿತ್ತು?

ಇಳಕಲ್ಲಿನ ನನ್ನ ಚಿಗವ್ವ ಎದೆಯ ಗಂಟನ್ನು ವರ್ಷಕ್ಕಿಂತ ಜಾಸ್ತಿ ಸೆರಗಿನಡಿ ಬಚ್ಚಿಟ್ಟಿದ್ದಳು. ‘ನೋವಿಲ್ಲಲ್ಲ, ಏನಾಗ್ತದ’ ಅಂದಿದ್ದಳು. ಶುರುವಿನಲ್ಲಿ ಬಹಳ ಸಲ ನೋವು ಇರುವುದೇ ಇಲ್ಲ, ಅದೇ ಮೋಸ. ಮನೆ ಗಂಡಸರ ಮುಂದೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಡಾಕ್ಟರ ಬಳಿ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು.

ನೀವೂ ಪತ್ರದಲ್ಲಿ ಎರಡು ಸಲ ‘ಆ ಕ್ಯಾನ್ಸರ್’ ಎಂದೇ ಬರೆದಿದ್ದೀರಿ. ಇಷ್ಟು ಕಾಳಜಿ ಇರುವ ನಿಮಗೇ ಹೆಸರು ಹೇಳಲು ಸಂಕೋಚ. ಶಾಲೆಯಲ್ಲಿ ಮೇಷ್ಟ್ರು ಆ ಪುಟ ಹಾರಿಸುತ್ತಾರೆ, ಮನೆಯಲ್ಲಿ ಅವ್ವ ಮಾತು ತಿರುಗಿಸುತ್ತಾಳೆ. ನಾಳೆ ಯಂತ್ರ ಬಂದರೂ ಹೆಣ್ಣುಮಕ್ಕಳು ಯಾವ ಹೆಸರು ಹೇಳಿ ಚೀಟಿ ಮಾಡಿಸಬೇಕು?

ಯಂತ್ರಕ್ಕೆ ಅರ್ಜಿ ಬರೆಯಿರಿ. ಅದರಲ್ಲಿ ‘ಸ್ತನ ಕ್ಯಾನ್ಸರ್’ ಅಂತ ದಪ್ಪಕ್ಷರದಲ್ಲೇ ಇರಲಿ. ನಿಮ್ಮ ಸಹಿಯ ಕೆಳಗೆ ನನ್ನದೂ ಇರುತ್ತದೆ.