ಬನ್ನೂರು ಕುರಿ ಹಾಲು ಎ2 ಹಾಲಾ? ಟಗರಿಗೆ ಜೀನ್ ಟೆಸ್ಟ್ ಮಾಡಿಸಬೇಕಾ?

ಹಸು ಹಾಲಿನ ಎ1-ಎ2 ಗಲಾಟೆ ಕುರಿ ಹಾಲಲ್ಲೂ ಇದೆಯಾ, ಟಗರು ಕೊಳ್ಳುವ ಮುಂಚೆ ಹಾಲಿನ ಜೀನ್ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ನಾನು ಮಳವಳ್ಳಿ ಕಡೆಯವನು. ಮನೆಯಲ್ಲಿ ಕುರಿ ಇವೆ, ಓದಿದ್ದೂ ಪಶು ವಿಜ್ಞಾನವೇ. ನನ್ನ ಪ್ರಕಾರ ಬನ್ನೂರು ಟಗರಿಗೆ ಆ ಟೆಸ್ಟು ದುಡ್ಡು ದಂಡ.

ಮೊದಲು ಎ2 ವಿಷಯ. ಹಸುವಿನ ಬೀಟಾ ಕೇಸಿನ್ ಪ್ರೋಟೀನಿನ ಸರಪಳಿಯಲ್ಲಿ 67ನೇ ಜಾಗದಲ್ಲಿ ಪ್ರೋಲಿನ್ ಅನ್ನೋ ಅಮೈನೋ ಆಮ್ಲ ಇದ್ದರೆ ಎ2, ಹಿಸ್ಟಿಡಿನ್ ಅನ್ನೋದು ಇದ್ದರೆ ಎ1. ಕುರಿಯಲ್ಲಿ ಆ ಜಾಗದಲ್ಲಿ ಇರೋದು ಪ್ರೋಲಿನ್ನೇ. ಅಂದರೆ ಇದು ಕುರಿ ಜಾತಿಗೇ ಬಂದ ಗುಣ, ಬನ್ನೂರಿನ ಹೆಚ್ಚುಗಾರಿಕೆ ಏನಲ್ಲ. ಹಾಗಂತ ಹಸು ಹಾಲು ಅಲರ್ಜಿ ಇರೋ ಮಗುವಿಗೆ ಕುರಿ ಹಾಲು ಕುಡಿಸಲು ಹೋಗಬೇಡಿ. ಎರಡರ ಕೇಸಿನ್‌ಗಳೂ ತುಂಬಾ ಹೋಲುತ್ತವೆ, ಅದಕ್ಕೂ ಅಲರ್ಜಿ ಆಗಬಹುದು.

ಹಾಗಾದರೆ ಕುರಿ ಹಾಲಿನ ಜೀನ್‌ಗಳಲ್ಲಿ ವ್ಯತ್ಯಾಸವೇ ಇಲ್ಲವಾ? ಇದೆ, ಬೇಕಾದಷ್ಟಿದೆ. ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಅಂತ ಒಂದು ಪ್ರೋಟೀನ್, ಹಾಲು ಒಡೆದಾಗ ತಿಳಿನೀರಲ್ಲಿ ಉಳಿಯುತ್ತಲ್ಲ, ಅದು. ಅದರಲ್ಲಿ ಎ, ಬಿ, ಸಿ ಅಂತ ಮೂರು ರೂಪ. ಎ ರೂಪದಲ್ಲಿ 20ನೇ ಜಾಗದಲ್ಲಿ ಟೈರೋಸಿನ್, ಬಿ ರೂಪದಲ್ಲಿ ಹಿಸ್ಟಿಡಿನ್, ಅಷ್ಟೇ ವ್ಯತ್ಯಾಸ. ಯಾವುದು ಒಳ್ಳೆಯದು ಅಂತ ಕೇಳಿದರೆ ಒಂದು ತಳಿಯಲ್ಲಿ ಎ ಗೆದ್ದಿದೆ, ಇನ್ನೊಂದರಲ್ಲಿ ಬಿ, ಮತ್ತೊಂದರಲ್ಲಿ ಏನೂ ಇಲ್ಲ. ಜಾಸ್ತಿ ಕೆಲಸಕ್ಕೆ ಬರೋದು ನಾಲ್ಕು ಕೇಸಿನ್ ಜೀನ್‌ಗಳು. ನಾಲ್ಕೂ 6ನೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿರೋದರಿಂದ ಹೆಚ್ಚಾಗಿ ಒಟ್ಟಿಗೇ ಮರಿಗೆ ಇಳಿಯುತ್ತವೆ. ಒಂದು ಬೇಕು, ಪಕ್ಕದ್ದು ಬೇಡ ಅಂದರೆ ಸುಲಭಕ್ಕೆ ಆಗಲ್ಲ. ಅದರಲ್ಲಿ ಆಲ್ಫಾ ಎಸ್1 ಕೇಸಿನ್‌ನ 'ವೆಲ್ಶ್' ಅನ್ನೋ ರೂಪ ಇದ್ದರೆ ಹಾಲಲ್ಲಿ ಕೇಸಿನ್ ಕಡಿಮೆ, ಗಿಣ್ಣಕ್ಕೆ ಹಾಲು ಸರಿಯಾಗಿ ಗಟ್ಟಿಯಾಗಲ್ಲ. ಗಿಣ್ಣ ಅಂದರೆ ಇಲ್ಲಿ ಚೀಸು, ನಮ್ಮ ಮನೆ ಗಿಣ್ಣು ಅಲ್ಲ.

ಇಟಲಿಯ ಸಾರ್ಡೀನಿಯಾ ದ್ವೀಪದ ಸಾರ್ಡಾ, ಫ್ರಾನ್ಸಿನ ಲಕೋನ್ ಕುರಿ ಸಾಕೋರಿಗೆ ಇದು ಹೊಟ್ಟೆಪಾಡಿನ ವಿಷಯ. ಒಂದರ ಹಾಲು ಪೆಕೊರಿನೊ ಚೀಸಿಗೆ, ಇನ್ನೊಂದರದು ರಾಕ್‌ಫೋರ್ಟ್‌ಗೆ. ಟಗರು ಹಾಲು ಕೊಡಲ್ಲ, ಆದರೂ ಅದರ ಮಗಳಲ್ಲಿ ಅರ್ಧ ಜೀನ್ ಅದರದ್ದೇ ಅಲ್ವಾ? ಟಗರು ಹುಟ್ಟಿದ ದಿನವೇ ಕಿವಿಯ ಚೂರು ತೆಗೆದು ಜೀನ್ ನೋಡಿದರೆ ಸಾಕು, ಮಗಳು ಈಯೋವರೆಗೆ ಕಾಯಬೇಕಿಲ್ಲ.

ನಮ್ಮ ಬನ್ನೂರು ಕುರಿ ಸಾಕೋದು ಮಾಂಸಕ್ಕೆ. ಕರೆಯಲು ಕೂತರೆ ಮೊಲೆ ಚಿಕ್ಕದು, ಹೆಬ್ಬೆರಳು ತೋರುಬೆರಳಲ್ಲೇ ಹಿಂಡಬೇಕು, ಮರಿ ಪಕ್ಕದಲ್ಲಿ ಅರಚುತ್ತಿರುತ್ತೆ. ತಬ್ಬಲಿ ಮರಿಗೆ ಬೇಕಾದಾಗ ಬಿಟ್ಟರೆ ನಾವು ಕರೆಯೋದೇ ಇಲ್ಲ. ಇಲ್ಲಿ ಬೇಕಿರೋದು ಚೀಸಾಗೋ ಹಾಲಲ್ಲ, ಮರಿ ಹೊಟ್ಟೆ ತುಂಬೋ ಹಾಲು. ಅದನ್ನು ಒಂದು ಜೀನ್ ಹೇಳಲ್ಲ.

ಟಗರು ಆರಿಸುವಾಗ ಅದರ ತಾಯಿಯನ್ನು ತೋರಿಸಿ ಅನ್ನಿ. ಕೆಚ್ಚಲಲ್ಲಿ ಗಂಟು ಇದೆಯಾ, ಎರಡೂ ಕಡೆ ಹಾಲು ಬರುತ್ತಾ ಮುಟ್ಟಿ ನೋಡಿ. ಅದರ ಈಗಿನ ಮರಿಯನ್ನು ಒಂದು ತಿಂಗಳಿಗೆ ತೂಕ ಹಾಕಿಸಿ. ಆ ವಯಸ್ಸಿನಲ್ಲಿ ಮರಿ ಮೈ ಹಿಡಿಯೋದು ಹೆಚ್ಚುಕಮ್ಮಿ ತಾಯಿ ಹಾಲಿನಿಂದಲೇ. ತಕ್ಕಡಿ ಇಲ್ಲ ಅಂದರೆ ನೀವೇ ತಗೊಂಡು ಹೋಗಿ, ಟಗರಿನ ಫೋಟೋ ಹಿಂದಿನಿಂದ ಮುಂದಿನಿಂದ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.