ಮೂರು ಮಕ್ಕಳಿಗೆ ಮೂರು ಕಿಟ್ ಆರ್ಡರ್ ಮಾಡುವ ಮೊದಲು

ತೀರ್ಥಹಳ್ಳಿಯ ಸಿಸ್ಟರ್, ನಿಮ್ಮ ಪ್ರಶ್ನೆ ಓದಿದೆ. ಮಕ್ಕಳಿಗೆ ಐದು, ಎಂಟು, ಹನ್ನೆರಡು ವರ್ಷ. ಮನೆಯಲ್ಲೇ ಓದಿಸಲು (ಹೋಮ್‌ಸ್ಕೂಲ್) ಮೂವರಿಗೂ ಅಮೆರಿಕದ ಕ್ರೈಸ್ತ ಪ್ರಕಾಶಕರಾದ ಅಬೆಕಾದ ಫುಲ್ ಗ್ರೇಡ್ ಕಿಟ್, ಅಂದರೆ ಒಂದು ಕ್ಲಾಸಿನ ಎಲ್ಲಾ ಪುಸ್ತಕಗಳ ಸೆಟ್, ತರಿಸುತ್ತೇನೆ, ಜೂನ್‌ನಿಂದ ಶುರು ಮಾಡುತ್ತೇನೆ, ಶಿಪ್ಪಿಂಗ್ ಹಂಚಿಕೊಳ್ಳುವವರು ಯಾರಾದರೂ ಇದ್ದೀರಾ ಎಂದು ಕೇಳಿದ್ದೀರಿ. ಎಲ್ಲರೂ ಶಿಪ್ಪಿಂಗ್ ಬಗ್ಗೆಯೇ ಉತ್ತರ ಕೊಟ್ಟಿದ್ದಾರೆ. ನಾನು ಹೇಳುವುದು ಬೇರೆ. ತರಿಸಬೇಡಿ. ಮೂರಂತೂ ಬೇಡವೇ ಬೇಡ. ನಮ್ಮ ಮನೆಯಲ್ಲೂ ಮೊದಲ ವರ್ಷ ಇದೇ ಕಥೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸುಮ್ನೆ ಒಂದು ಲೆಕ್ಕ ಹಾಕಿ. ಬೈಬಲ್, ಗಣಿತ, ಇಂಗ್ಲಿಷ್, ವಿಜ್ಞಾನ, ಇತಿಹಾಸ, ಕನ್ನಡ. ಆರು ವಿಷಯ, ಮೂರು ಮಕ್ಕಳು, ಅಲ್ಲಿಗೆ 18 ಪಾಠ. ಒಂದಕ್ಕೆ 20 ನಿಮಿಷ ಹಿಡಿದರೂ ಆರು ಗಂಟೆ. ಅಷ್ಟೂ ಹೊತ್ತು ನೀವು ಅಡುಗೆ ಮನೆ ಕಡೆ ಹೋಗಬಾರದು, ಫೋನ್ ಎತ್ತಬಾರದು, ತೋಟದಲ್ಲಿ ಔಷಧಿ ಹೊಡೆಯಲು ಬಂದವರಿಗೆ ಕಾಫಿ ಕೊಡಬಾರದು. ಆಗುತ್ತಾ? ಅಬೆಕಾದವರು 1972ರಲ್ಲಿ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಶುರು ಮಾಡಿದ್ದೇ ಕ್ರೈಸ್ತ ಶಾಲೆಗಳಿಗೆ ಪುಸ್ತಕ ಕೊಡಲು. ಒಂದು ಕ್ಲಾಸು, ಒಂದೇ ವಯಸ್ಸಿನ ಮಕ್ಕಳು, ಬೇರೆ ಕೆಲಸ ಇಲ್ಲದ ಒಬ್ಬ ಟೀಚರ್. ಟೀಚರ್ ಮ್ಯಾನ್ಯುಯಲ್ ತೆರೆದರೆ ಅದು ಈಗಲೂ ಕಾಣುತ್ತದೆ. ಪುಸ್ತಕ ಕೆಟ್ಟದ್ದು ಅಂತಲ್ಲ. ನಿಮ್ಮ ಮನೆ ಶಾಲೆ ಅಲ್ಲ, ಅಷ್ಟೇ.

ಬೇರೆ ಬೇರೆ ಬೇಕಾಗಿರುವುದು ಎರಡೇ: ಗಣಿತ ಮತ್ತು ಓದು-ಬರಹ. ಇವು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತವೆ, ಹಾರಿಸಲು ಆಗುವುದಿಲ್ಲ. ಬೈಬಲ್, ಇತಿಹಾಸ, ವಿಜ್ಞಾನ, ಗಟ್ಟಿಯಾಗಿ ಓದಿ ಹೇಳುವ ಕಥೆ ಪುಸ್ತಕ, ಹಾಡು, ಚಿತ್ರ ಎಲ್ಲಾ ಒಂದೇ ಮೇಜಿನಲ್ಲಿ, ಮೂವರಿಗೂ ಒಟ್ಟಿಗೆ. ಇದೇನು ಅಮೆರಿಕದಿಂದ ಬಂದ ಹೊಸ ಐಡಿಯಾ ಅಲ್ಲ. ನಮ್ಮ ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೇ ಕೂರುತ್ತಾರೆ ಅಲ್ವಾ? 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಶುರು ಮಾಡಿದ್ದು ಅದು. ಮಲೆನಾಡಿನಲ್ಲಿ ಒಬ್ಬರೇ ಮೇಷ್ಟ್ರ ಶಾಲೆಯಲ್ಲಿ ಓದಿದವರು ಈ ಗುಂಪಿನಲ್ಲೇ ಎಷ್ಟೋ ಜನ ಇದ್ದೀರಿ.

"ಐದು ವರ್ಷದವನಿಗೂ ಹನ್ನೆರಡರವಳಿಗೂ ಒಂದೇ ಪಾಠ ಹೇಗೆ" ಅಂತ ಎಲ್ಲರೂ ಕೇಳುತ್ತಾರೆ. ಪಾಠ ಒಂದೇ, ವಾಪಸ್ ಕೇಳುವುದು ಬೇರೆ. ನಮ್ಮ ಮನೆಯಲ್ಲಿ ನಡೆಯುವ ಕ್ರಮ ಹೇಳುತ್ತೇನೆ. ಬೆಳಿಗ್ಗೆ ತಿಂಡಿ ಆದ ಮೇಲೆ ಪ್ರಾರ್ಥನೆ, ಒಂದು ಕೀರ್ತನೆ, ಆಮೇಲೆ ಓದು. ಹತ್ತು ಹದಿನೈದು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಓದಬೇಡಿ. ಪುಸ್ತಕ ಮುಚ್ಚಿ. ಈಗ ನ್ಯಾರೇಶನ್, ಅಂದರೆ ಕೇಳಿದ್ದನ್ನು ಮಕ್ಕಳು ತಮ್ಮ ಮಾತಿನಲ್ಲೇ ವಾಪಸ್ ಹೇಳುವುದು. ಮೊದಲು ಚಿಕ್ಕವನೇ ಹೇಳಬೇಕು. ಇದು ಬಹಳ ಮುಖ್ಯ, ಎಲ್ಲರೂ ತಪ್ಪುವುದು ಇಲ್ಲೇ. ದೊಡ್ಡವಳಿಗೆ ಮೊದಲು ಬಿಟ್ಟರೆ ಅವಳು ಎಲ್ಲಾ ಹೇಳಿ ಮುಗಿಸುತ್ತಾಳೆ, ಚಿಕ್ಕವನು "ಅಕ್ಕ ಹೇಳಿದ್ದೇ" ಅಂತ ತಪ್ಪಿಸಿಕೊಳ್ಳುತ್ತಾನೆ. ಚಿಕ್ಕವನು ಹೇಳಲಿ, ಅರ್ಧಂಬರ್ಧ ಆದರೂ ಸರಿ. ಮಧ್ಯದವನು ಬಿಟ್ಟುಹೋದದ್ದನ್ನು ಸೇರಿಸಲಿ. ದೊಡ್ಡವಳು ಯಾಕೆ, ಹೇಗೆ, ಮುಂದೇನಾಯಿತು ಅನ್ನುವುದನ್ನು ಹೇಳಲಿ. ನಡುವೆ ನೀವು ಬಾಯಿ ಹಾಕಬೇಡಿ. ತಿದ್ದಬೇಡಿ. ನನಗೆ ಈಗಲೂ ಕಷ್ಟ ಅದು.

ಆಮೇಲೆ ಮೂವರೂ ಬರೆಯಲು ಕೂರುತ್ತಾರೆ. ಚಿಕ್ಕವನು ಚಿತ್ರ, ಕೆಳಗೆ ಒಂದು ಪದ. ಮಧ್ಯದವನು ಮೂರು ನಾಲ್ಕು ವಾಕ್ಯ. ದೊಡ್ಡವಳು ಒಂದು ಪುಟ, ಜೊತೆಗೆ ಗೋಡೆಯ ಕಾಲಪಟ್ಟಿಯಲ್ಲಿ ಗುರುತು. ಕಾಲಪಟ್ಟಿ ಅಂದರೆ ಅಂಗಡಿಯಿಂದ ತಂದದ್ದಲ್ಲ, ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯನ್ನು ಅಂಟಿಸಿ ಜಗಲಿ ಉದ್ದಕ್ಕೂ ಮಾಡಿದ್ದು. ಇದೊಂದನ್ನು ಮಾತ್ರ ಬಿಡಬೇಡಿ. ಅಮೆರಿಕದ ಪುಸ್ತಕದಲ್ಲಿ ಇರುವುದು ಮೇಲಿನ ಸಾಲು, ನಮ್ಮ ಕಡೆಯದ್ದು ಕೆಳಗಿನ ಸಾಲು. ಮೇಲೆ 325, ಕ್ರೈಸ್ತ ಬಿಷಪರು ಸೇರಿದ ನೈಸಿಯಾ ಸಭೆ. ಕೆಳಗೆ ಸುಮಾರು 345, ಮಯೂರಶರ್ಮ, ನಮ್ಮ ಶಿಕಾರಿಪುರದ ತಾಳಗುಂದದವನು. ಮೇಲೆ 1620, ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆಗಾರರನ್ನು ಒಯ್ದ ಮೇಫ್ಲವರ್ ಹಡಗು. ಕೆಳಗೆ 1645, ಕೆಳದಿಯ ಶಿವಪ್ಪ ನಾಯಕ ಪಟ್ಟಕ್ಕೆ ಬಂದದ್ದು. ಪುಸ್ತಕದಲ್ಲಿ ಮೇಫ್ಲವರ್ ಪಾಠ ಬಂದ ವಾರ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಗೆ ಕರೆದುಕೊಂಡು ಹೋಗಿ, ಬೇರೆ ವರ್ಕ್‌ಶೀಟ್ ಬೇಡ.

ಪಂಡಿತಾ ರಮಾಬಾಯಿ ಆ ಪುಸ್ತಕಗಳಲ್ಲಿ ಸಿಕ್ಕರೂ ಒಂದು ಪ್ಯಾರಾ ಅಷ್ಟೇ. ಅವರು ಹುಟ್ಟಿದ್ದು 1858ರಲ್ಲಿ, ತುಂಗೆ ಭದ್ರೆ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ನಿಮ್ಮ ಮನೆಯಿಂದ ಎಷ್ಟು ದೂರ! ಶಾಲೆಗೇ ಹೋಗದೆ ತಾಯಿಯಿಂದ ಸಂಸ್ಕೃತ ಕಲಿತವರು, ಆಮೇಲೆ ಇಡೀ ಬೈಬಲನ್ನು ಮರಾಠಿಗೆ ತಂದರು. ಹೋಮ್‌ಸ್ಕೂಲ್ ಮಕ್ಕಳಿಗೆ ಇವರ ಕಥೆ ಹೇಳದೆ ಇನ್ಯಾರ ಕಥೆ ಹೇಳುತ್ತೀರಿ?

ಸಿದ್ಧ ಪ್ಯಾಕೇಜೇ ಬೇಕು ಅಂದರೆ ಮೈ ಫಾದರ್ಸ್ ವರ್ಲ್ಡ್ ನೋಡಿ. ಅದು ಕುಟುಂಬಕ್ಕೆಂದೇ ಮಾಡಿದ್ದು. ನಿಮ್ಮ ದೊಡ್ಡ ಇಬ್ಬರೂ ಒಂದೇ ಕ್ರಮದಲ್ಲಿ ಕೂರುತ್ತಾರೆ, ಚಿಕ್ಕವನು ಪಕ್ಕದಲ್ಲಿ ಕೇಳುತ್ತಾನೆ. ಅದರಲ್ಲಿ ವರ್ಷಕ್ಕೊಂದು ವಿಷಯ, ದೇಶ-ಸಂಸ್ಕೃತಿಗಳ ವರ್ಷದಿಂದ ಶುರು ಮಾಡಿ. ಕೊನೆಯ ಎರಡು ವರ್ಷ ಅಮೆರಿಕದ ಇತಿಹಾಸವೇ ಜಾಸ್ತಿ, ಅಲ್ಲಿ ಅರ್ಧ ತೆಗೆದು ಹಾಕಿ. ಸೋನ್‌ಲೈಟ್ ಚೆನ್ನಾಗಿದೆ, ಆದರೆ ಅದು ಪೂರ್ತಿ ಕಥೆ ಪುಸ್ತಕಗಳ ಮೇಲೆ ನಿಂತದ್ದು. ಪೆಟ್ಟಿಗೆ ಭಾರ, ಶಿಪ್ಪಿಂಗ್ ನೋಡಿದರೆ ತಲೆ ತಿರುಗುತ್ತದೆ. ದುಡ್ಡಿಲ್ಲದವರಿಗೆ ಆಂಬಲ್‌ಸೈಡ್ ಆನ್‌ಲೈನ್. ಉಚಿತ, ಒಳ್ಳೆಯ ಪುಸ್ತಕ ಓದಿ ನ್ಯಾರೇಶನ್ ಮಾಡಿಸುವ ಷಾರ್ಲೆಟ್ ಮೇಸನ್ ಪದ್ಧತಿ, ಹಳೆಯ ಪುಸ್ತಕಗಳಲ್ಲಿ ಎಷ್ಟೋ ನೆಟ್ಟಿನಲ್ಲೇ ಸಿಗುತ್ತವೆ. ಆದರೆ ಅದರ ಇಂಗ್ಲಿಷ್ ಗಟ್ಟಿ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳಿಗೆ ಒಂದು ವರ್ಷ ಕೆಳಗಿನಿಂದ ಶುರು ಮಾಡಿ, ನಾಚಿಕೆ ಏನಿಲ್ಲ.

ವಿಜ್ಞಾನಕ್ಕೆ ನಾವು ಬಳಸುವುದು ಅಪೋಲೋಜಿಯಾ. ಚಿಕ್ಕ ಕ್ಲಾಸಿನ ಪುಸ್ತಕಗಳಲ್ಲಿ ವರ್ಷಕ್ಕೆ ಒಂದೇ ವಿಷಯ: ಸಸ್ಯ, ಹಾರುವ ಜೀವಿಗಳು, ನೀರಿನ ಜೀವಿಗಳು, ಹೀಗೆ. ಹಾರುವ ಜೀವಿಗಳ ವರ್ಷ ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗಿ ಕೂತರೆ ಸಾಕು. ತುಂಗೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರುತ್ತವೆ, ನಿಮಗಂತೂ ಶಿವಮೊಗ್ಗಕ್ಕೆ ಬರುವ ದಾರಿಯಲ್ಲೇ ಇದೆ. ಸಸ್ಯದ ವರ್ಷಕ್ಕೆ ಮನೆ ಹಿಂದಿನ ಕಾಡೇ ಇದೆ. ಪುಸ್ತಕದ ಮೇಪಲ್, ಓಕ್ ಬಿಟ್ಟು ಹಲಸು, ಹೊನ್ನೆ ಬರೆಸಿ. ಒಂದು ಮಾತು: ಭೂಮಿಯ ವಯಸ್ಸು, ವಿಕಾಸವಾದದ ಬಗ್ಗೆ ಈ ಪುಸ್ತಕಗಳು ಒಂದೇ ಕಡೆ ನಿಲ್ಲುತ್ತವೆ. ನೀವು ಒಪ್ಪುತ್ತೀರೋ ಇಲ್ಲವೋ ನಿಮ್ಮಿಷ್ಟ. ಆದರೆ ಹನ್ನೆರಡರ ಹುಡುಗಿ ನಾಳೆ ಹತ್ತನೇ ಕ್ಲಾಸಿನ ಜೀವಶಾಸ್ತ್ರ ಬರೆಯಬೇಕು. ಅಲ್ಲಿ ಏನಿದೆ ಅನ್ನುವುದೂ ಅವಳಿಗೆ ಗೊತ್ತಿರಲಿ.

ಈಗ ಗಣಿತ. ದಯವಿಟ್ಟು ವಯಸ್ಸು ನೋಡಿ ಗ್ರೇಡ್ ಆರಿಸಬೇಡಿ. ಮಗು ಯಾವ ಮಟ್ಟದಲ್ಲಿದೆ ಅಂತ ತಿಳಿಸುವ ಪ್ಲೇಸ್‌ಮೆಂಟ್ ಟೆಸ್ಟನ್ನು ಎಷ್ಟೋ ಕಂಪನಿಯವರು ಉಚಿತವಾಗಿ ಇಟ್ಟಿದ್ದಾರೆ, ಮೊದಲು ಅದನ್ನು ಮಾಡಿಸಿ. ಶಾಲೆಯಲ್ಲಿ ಆರನೇ ಕ್ಲಾಸ್ ಮುಗಿಸಿದ ಮಗು ಭಿನ್ನರಾಶಿಯಲ್ಲಿ ನಾಲ್ಕನೇ ಕ್ಲಾಸಿನಲ್ಲೇ ನಿಂತಿರುವುದು ಎಷ್ಟೋ ಸಲ. ಅದಕ್ಕೇ ನನಗೆ ಮ್ಯಾಥ್-ಯು-ಸೀ ಇಷ್ಟ. ಅದರಲ್ಲಿ ಗ್ರೇಡೇ ಇಲ್ಲ. ಆಲ್ಫಾ ಅಂದರೆ ಕೂಡು-ಕಳೆ, ಗಾಮಾ ಗುಣಾಕಾರ, ಡೆಲ್ಟಾ ಭಾಗಾಕಾರ, ಎಪ್ಸಿಲಾನ್ ಭಿನ್ನರಾಶಿ. ದೊಡ್ಡವಳು ಎಪ್ಸಿಲಾನ್ ಮಾಡಿದರೆ "ನಾನು ತಮ್ಮನ ಪುಸ್ತಕ ಮಾಡುತ್ತಿದ್ದೇನೆ" ಅನ್ನುವ ಅವಮಾನ ಇಲ್ಲ. ಸ್ಯಾಕ್ಸನ್ ಗಣಿತ ಪುಸ್ತಕ ಕೆಲವರಿಗೆ ಪ್ರಾಣ, ನಮ್ಮ ಮನೆಯಲ್ಲಿ ಕಣ್ಣೀರು. ಅದೇ ಲೆಕ್ಕ ಮತ್ತೆ ಮತ್ತೆ ಸುತ್ತಿ ಬರುತ್ತದೆ. ಕೆಲವು ಮಕ್ಕಳಿಗೆ ಅದೇ ಬೇಕು, ನಿಮ್ಮ ಮಗುವನ್ನು ನೋಡಿ ತೀರ್ಮಾನಿಸಿ.

ಯಾವ ಅಮೆರಿಕನ್ ಗಣಿತ ತಂದರೂ ಇಂಚು, ಪೌಂಡ್, ಗ್ಯಾಲನ್, ಡಾಲರ್ ಪಾಠಗಳಿಗೆ ಗೆರೆ ಎಳೆದು ಬಿಡಿ. ಬದಲಿಗೆ ಲಕ್ಷ, ಕೋಟಿ, ಅಲ್ಪವಿರಾಮ ಎಲ್ಲಿ ಹಾಕಬೇಕು ಅನ್ನುವುದು, ಕ್ವಿಂಟಾಲ್, ಎಕರೆ-ಗುಂಟೆ ಕಲಿಸಿ. ಮಿಲಿಯನ್ ಗೊತ್ತಿದ್ದು ಲಕ್ಷ ಗೊತ್ತಿಲ್ಲದ ಮಕ್ಕಳನ್ನು ನೋಡಿದ್ದೇನೆ. ಎನ್‌ಸಿಇಆರ್‌ಟಿ ಗಣಿತ ಪುಸ್ತಕ ಉಚಿತ ಪಿಡಿಎಫ್ ಇದೆ, ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಮಗ್ಗಿ ಬಾಯಿಪಾಠ ಬೇಡ ಅನ್ನುವವರ ಮಾತು ಕೇಳಬೇಡಿ. 1623ರಲ್ಲಿ ಇಕ್ಕೇರಿಗೆ ಹೊರಟಿದ್ದ ಇಟಲಿಯ ಪಿಯೆತ್ರೊ ಡೆಲ್ಲಾ ವಾಲೆ, ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರನ್ನು ನೋಡಿದ. ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಾ, ರಾಗವಾಗಿ ಹೇಳುತ್ತಾ, ಮೇಷ್ಟ್ರು ಇಲ್ಲದೆ ತಾವೇ ಲೆಕ್ಕ ಕಲಿಯುತ್ತಿದ್ದರಂತೆ. ಅವನು ಬೆರಗಾಗಿ ಬರೆದಿಟ್ಟಿದ್ದಾನೆ. ಚಿಕ್ಕವನಿಗೆ ತಟ್ಟೆಯಲ್ಲಿ ಮರಳು ಹಾಕಿ ಕೊಡಿ, ವರ್ಕ್‌ಬುಕ್ ಉಳಿಯುತ್ತದೆ.

ಹಾಗಾದರೆ ಅಬೆಕಾ ಏನೂ ಬೇಡವೇ? ಬೇಕು. ಐದು ವರ್ಷದವನ ಫೋನಿಕ್ಸ್, ಅಂದರೆ ಅಕ್ಷರಗಳ ಉಚ್ಚಾರ ಕಲಿಸಿ ಓದಿಸುವ ಪುಸ್ತಕ, ಅಷ್ಟನ್ನು ಮಾತ್ರ ತರಿಸಿ. ಇಂಗ್ಲಿಷ್ ಓದಿಸಲು ಅಷ್ಟು ಗಟ್ಟಿಯಾದದ್ದು ನಾನು ಬೇರೆ ನೋಡಿಲ್ಲ. ಎಂಟರವನಿಗೆ ವ್ಯಾಕರಣದ ಪುಸ್ತಕ ಒಂದು ಸಾಕು.

ಕೆಳಗೆ ಒಬ್ಬರು ಎಸಿಇ ಅನ್ನುವ ಕ್ರೈಸ್ತ ಪಠ್ಯಕ್ರಮದ ಪೇಸ್, ಅಂದರೆ ಮಗು ತಾನೇ ಓದಿ ತುಂಬುವ ತೆಳು ಪುಸ್ತಕಗಳ ಬಗ್ಗೆ ಹೇಳಿದ್ದಾರೆ. ವರ್ಷಕ್ಕೆ ಒಂದು ವಿಷಯಕ್ಕೆ 12 ಪೇಸ್, ಟೆಸ್ಟಿನಲ್ಲಿ 80 ಪರ್ಸೆಂಟ್ ಬಂದರೆ ಮುಂದಕ್ಕೆ. ಮಗುವೇ ಓದಿ ಮಗುವೇ ತಿದ್ದಿಕೊಳ್ಳುತ್ತದೆ, ಅಮ್ಮನಿಗೆ ಆರಾಮ. ಅದೇ ತೊಂದರೆ ಕೂಡ. ಬಿಟ್ಟ ಸ್ಥಳ ತುಂಬುವುದರಲ್ಲಿ ಮಕ್ಕಳು ಪಳಗುತ್ತಾರೆ. ಪ್ಯಾರಾದಲ್ಲಿ ಆ ಪದ ಎಲ್ಲಿದೆ ಅಂತ ಹುಡುಕಿ ಹಾಕುತ್ತಾರೆ, ಕೇಳಿದರೆ ಬಾಯಿ ಬರುವುದಿಲ್ಲ. ದೊಡ್ಡವಳಿಗೆ ಒಂದು ವಿಷಯದಲ್ಲಿ ಇಟ್ಟು ನೋಡಿ, ಉತ್ತರದ ಪುಸ್ತಕ ನಿಮ್ಮ ಕಪಾಟಿನಲ್ಲೇ ಇರಲಿ.

ಇನ್ನೊಂದು, ಯಾರೂ ಹೇಳುವುದಿಲ್ಲ. ನೀವು ಯಾವ ಸಭೆಯವರು ಅಂತ ಬರೆದಿಲ್ಲ. ಅಬೆಕಾ, ಬಿಜೆಯು (ಬಾಬ್ ಜೋನ್ಸ್ ಯೂನಿವರ್ಸಿಟಿಯ ಪುಸ್ತಕಗಳು) ಎರಡೂ ಗಟ್ಟಿ ಪ್ರಾಟೆಸ್ಟೆಂಟ್ ಕಡೆಯವು. ಕ್ಯಾಥೋಲಿಕ್ ಮನೆಯಾದರೆ ಇತಿಹಾಸ ಪುಸ್ತಕದಲ್ಲಿ ನಿಮ್ಮ ಸಭೆಯ ಬಗ್ಗೆ ಬರೆದದ್ದು ಮಕ್ಕಳ ಮುಂದೆ ಓದಲು ಕಸಿವಿಸಿ ಆಗುತ್ತದೆ. ಆಗ ಕ್ಯಾಥೋಲಿಕರದೇ ಆದ ಸೀಟನ್ ಪಠ್ಯಕ್ರಮ ನೋಡಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದರೂ ಬ್ಯಾಪ್ಟಿಸಮ್ ಪಾಠ ಬಂದಾಗ ಒಮ್ಮೆ ನೀವೇ ಮೊದಲು ಓದಿ. ಬಾಯಿಪಾಠದ ವಚನಗಳು ಹಳೆಯ ಕಿಂಗ್ ಜೇಮ್ಸ್ ಇಂಗ್ಲಿಷಿನಲ್ಲಿರುತ್ತವೆ. ಅದನ್ನು ಬಿಟ್ಟು ಕನ್ನಡ ಸತ್ಯವೇದದಿಂದ ಕಲಿಸಿ. ಅಜ್ಜಿಯ ಜೊತೆ ಪ್ರಾರ್ಥನೆಗೆ ಕೂತಾಗ 23ನೇ ಕೀರ್ತನೆ ಇಂಗ್ಲಿಷಿನಲ್ಲಿ ಹೇಳಿದರೆ ಏನು ಚೆಂದ?

ಕನ್ನಡದ ಬಗ್ಗೆ ನಿಮ್ಮ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಬೇಸರ ಮಾಡಿಕೊಳ್ಳಬೇಡಿ, ಇದಕ್ಕೆ ಬೈಯಲೇಬೇಕು. ಮಾತಾಡುತ್ತಾರೆ, ಬರೆಯಲು ಬರುವುದಿಲ್ಲ, ಒತ್ತಕ್ಷರ ಬಂದರೆ ನಿಲ್ಲುತ್ತಾರೆ. ಇದು ಹೋಮ್‌ಸ್ಕೂಲ್ ಮನೆಗಳ ಮಾಮೂಲಿ ಕಥೆ. ರಾಜ್ಯದ ಕನ್ನಡ ಪಠ್ಯಪುಸ್ತಕಗಳು ಪಿಡಿಎಫ್ ಸಿಗುತ್ತವೆ. ದಿನಕ್ಕೆ ಅರ್ಧ ಪುಟ ಉಕ್ತಲೇಖನ, ಅಷ್ಟೇ. ನ್ಯಾರೇಶನ್ ವಾರಕ್ಕೆ ಎರಡು ದಿನ ಕನ್ನಡದಲ್ಲೇ ಬರೆಸಿ.

ದೊಡ್ಡವಳ ವಿಷಯ ತುರ್ತು. ಎನ್‌ಐಒಎಸ್ (ಕೇಂದ್ರ ಸರ್ಕಾರದ ಮುಕ್ತ ಶಾಲೆ) ಸೆಕೆಂಡರಿಗೆ, ಅಂದರೆ ಹತ್ತನೇ ಕ್ಲಾಸಿಗೆ, 14 ತುಂಬಿರಬೇಕು, ಅಂದರೆ ಎರಡು ವರ್ಷ ಇದೆ. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಕನ್ನಡವೂ ಇದೆ. ಪರೀಕ್ಷೆ ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್, ಎರಡು ಸಲ. ಒಂದೇ ಸಲ ಐದೂ ಬರೆಯಬೇಕಿಲ್ಲ, ಐದು ವರ್ಷ ಟೈಮ್ ಇದೆ. ಟಿಎಂಎಗೆ (ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟ್) 20 ಪರ್ಸೆಂಟ್, ಅದನ್ನು ಕೊನೆ ವಾರಕ್ಕೆ ಇಡಬೇಡಿ. ಮುಂದಿನ ವರ್ಷದಿಂದಲೇ ಅವಳ ಗಣಿತ, ವಿಜ್ಞಾನವನ್ನು ಆ ಪಠ್ಯದ ಕಡೆ ತಿರುಗಿಸಿ. ಅಮೆರಿಕದ ಹೈಸ್ಕೂಲ್ ಡಿಪ್ಲೊಮಾ ಇಲ್ಲೇ ನಡೆಯುತ್ತದೆ ಅಂತ ಯಾರಾದರೂ ಮಾರಲು ಬಂದರೆ, ನಿಮಗೆ ಬೇಕಾದ ಪಿಯು ಕಾಲೇಜಿಗೆ ಹೋಗಿ ನೀವೇ ಕೇಳಿ. ಮಾರುವವರ ಮಾತು ಬೇಡ.

ವಿಡಿಯೋ ಪಾಠದ ಪ್ಯಾಕೇಜಿಗೆ ದುಡ್ಡು ಹಾಕಬೇಡಿ. ಜೂನ್‌ನಿಂದ ಸೆಪ್ಟೆಂಬರ್ ನಿಮ್ಮ ಕಡೆ ಕರೆಂಟ್ ಎಷ್ಟು ಹೊತ್ತು ಇರುತ್ತದೆ, ನೆಟ್ ಎಷ್ಟು ಹೊತ್ತು, ನನಗಿಂತ ನಿಮಗೇ ಗೊತ್ತು. ಮಳೆಗಾಲ ಓದಿ ಹೇಳುವುದಕ್ಕೆ ಒಳ್ಳೆಯ ಕಾಲ, ದೊಡ್ಡ ಪುಸ್ತಕಗಳನ್ನು ಆಗ ಮುಗಿಸಿ. ಅಮೆರಿಕದ ಪುಸ್ತಕಗಳ 36 ವಾರದ ಪಟ್ಟಿಯನ್ನು ಕುರುಡಾಗಿ ಹಿಡಿಯಬೇಡಿ. ಅಡಿಕೆ ಕೊಯ್ಲು ಶುರುವಾದಾಗ ಗಣಿತ, ಕನ್ನಡ ಎರಡೇ ಇರಲಿ. ಪ್ರಿಂಟ್ ತೆಗೆಸುವುದಿದ್ದರೆ ಮೇ ಒಳಗೆ ತೆಗೆಸಿ, ಲೇಸರ್ ಪ್ರಿಂಟೇ ಆಗಲಿ. ಇಂಕ್‌ಜೆಟ್ ಆದರೆ ಆಷಾಢದ ಥಂಡಿಗೆ ಅಕ್ಷರ ಹರಡುತ್ತದೆ. ಪುಸ್ತಕ ಗೋಡೆಗೆ ತಾಗಿಸಿ ಇಟ್ಟರೆ ಬೂಷ್ಟು ಗ್ಯಾರಂಟಿ. ಟ್ರಂಕಿನಲ್ಲಿ ಇಡಿ, ಬಿಸಿಲು ಬಂದ ದಿನ ತೆಗೆದು ಹರಡಿ. ಮರುಮಾರಾಟದ ಬೆಲೆ ಅರ್ಧಕ್ಕೆ ಬೀಳುವುದು ಈ ಬೂಷ್ಟಿನಿಂದಲೇ.

ಹಳೆಯದು ಕೊಳ್ಳುವುದಾದರೆ ಎಡಿಷನ್ ನೋಡಿ ಕೊಳ್ಳಿ. ಒಬ್ಬ ಮಾರಾಟಗಾರರು ನನಗೆ ಒಂದು ಎಡಿಷನ್ನಿನ ಪುಸ್ತಕ, ಇನ್ನೊಂದರ ಉತ್ತರದ ಪುಸ್ತಕ ಕಳಿಸಿದ್ದರು. ಪುಟವೂ ಹೊಂದಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ನನ್ನ ಹತ್ತಿರ ಅಬೆಕಾ ಫೋನಿಕ್ಸ್ ಚಾರ್ಟ್, ಫ್ಲ್ಯಾಶ್‌ಕಾರ್ಡ್ ಮತ್ತು ಮ್ಯಾಥ್-ಯು-ಸೀ ಬ್ಲಾಕ್ ಪೆಟ್ಟಿಗೆ ಇವೆ, ಎರಡು ಹಸಿರು ಬ್ಲಾಕ್ ಕಳೆದಿವೆ. ಬೇಕಿದ್ದರೆ ಇನ್‌ಬಾಕ್ಸ್ ಮಾಡಿ, ಶಿವಮೊಗ್ಗಕ್ಕೆ ಬಂದಾಗ ಒಯ್ಯಬಹುದು. ವರ್ಕ್‌ಬುಕ್ ಕೇಳಬೇಡಿ, ಎಲ್ಲಾ ಬರೆದು ಮುಗಿಸಿದ್ದಾರೆ. ಮೊದಲು ದೊಡ್ಡ ಇಬ್ಬರಿಗೂ ಪ್ಲೇಸ್‌ಮೆಂಟ್ ಟೆಸ್ಟ್ ಮಾಡಿಸಿ, ಎಷ್ಟು ಬಂತು ಅಂತ ಇಲ್ಲೇ ಹಾಕಿ. ಅಲ್ಲಿಯವರೆಗೆ ಕಾರ್ಟ್ ಖಾಲಿ ಮಾಡಿ ಇಡಿ.