ನ್ಯೂಜೀನ್ಸ್‌ನ ಮೊದಲ ಆಲ್ಬಮ್: ರಿದಂ ಪ್ಯಾಡ್ ನುಡಿಸುವವರಿಗೆ ಒಂದಿಷ್ಟು ಲೆಕ್ಕ

ಸರ್, ನಿಮ್ಮ ಪ್ರಶ್ನೆ ಓದಿ ಬಹಳ ಖುಷಿಯಾಯಿತು. ಮಗಳ ಕಾಲೇಜಿನ ನೃತ್ಯ ತಂಡ ಕೊರಿಯಾದ ಹುಡುಗಿಯರ ಪಾಪ್ ತಂಡ ನ್ಯೂಜೀನ್ಸ್‌ನ ‘ಹೈಪ್ ಬಾಯ್’ ಹಾಡಿಗೆ ಕುಣಿಯುತ್ತಿದೆ, ಅದರ ಜೊತೆ ನೀವು ರಿದಂ ಪ್ಯಾಡ್ (ಬಡಿದು ನುಡಿಸುವ ಎಲೆಕ್ಟ್ರಾನಿಕ್ ತಾಳವಾದ್ಯ) ನುಡಿಸಬೇಕು. ಕಲಿತದ್ದು ಮೃದಂಗ. ‘ಈ ಹುಡುಗಿಯರ ಹಾಡುಗಳಲ್ಲಿ ಹಲವು ದೇಶಗಳ ಲಯ ಬೆರೆತಿದೆ ಎನ್ನುತ್ತಾರೆ, ನನಗೆ ಎಲ್ಲವೂ ಒಂದೇ ರೀತಿ ಕೇಳಿಸುತ್ತಿದೆ, ಎಲ್ಲಿಂದ ಶುರು ಮಾಡಲಿ’ ಎಂದು ಕೇಳಿದ್ದೀರಿ. ಶೈಲಿಗಳ ಹೆಸರಿನಿಂದ ಶುರು ಮಾಡಬೇಡಿ, ಎಣಿಕೆಯಿಂದ ಶುರು ಮಾಡಿ. ಸೊಲ್ಲುಕಟ್ಟು, ಅಂದರೆ ಲಯವನ್ನು ಬಾಯಲ್ಲಿ ಹೇಳುವ ಅಕ್ಷರಗಳು, ಬಾಯಿಪಾಠವಿರುವವರಿಗೆ ಇದು ಡ್ರಮ್ಸ್ ಕಲಿತವರಿಗಿಂತಲೂ ಬೇಗ ದಕ್ಕುತ್ತದೆ.

ಮೊದಲು ಆಲ್ಬಮ್ ಬಗ್ಗೆ ಎರಡು ಮಾತು. 2022ರ ಜುಲೈ 22ರಂದು ಯಾವ ಮುನ್ಸೂಚನೆಯೂ ಇಲ್ಲದೆ ‘ಅಟೆನ್ಶನ್’ ವಿಡಿಯೊ ಬಂತು. ಆಗಸ್ಟ್ 1ಕ್ಕೆ ತಂಡದ ಹೆಸರನ್ನೇ ಹೊತ್ತ ಮೊದಲ ಕಿರು ಆಲ್ಬಮ್ ಹೊರಬಂತು. ಇರುವುದು ನಾಲ್ಕೇ ಹಾಡು: ‘ಅಟೆನ್ಶನ್’, ‘ಹೈಪ್ ಬಾಯ್’, ‘ಕುಕಿ’, ‘ಹರ್ಟ್’. ಆಗ ತಂಡದಲ್ಲಿದ್ದ ಐವರು ಹುಡುಗಿಯರಲ್ಲಿ ಹಾನಿ ಮತ್ತು ಡೇನಿಯಲ್ ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು. ‘ಹೈಪ್ ಬಾಯ್’ ಸಾಹಿತ್ಯದಲ್ಲಿ ಹಾನಿಯ ಪಾಲೂ ಇದೆ, ಸ್ವೀಡನ್ನಿನ ಇಲ್ವಾ ಡಿಂಬರ್ಗ್ ಅವರ ಪಾಲೂ ಇದೆ. ಸಂಗೀತ ಕಟ್ಟಿದವರು 250 ಎಂಬ ಅಂಕಿಯನ್ನೇ ಹೆಸರಾಗಿ ಇಟ್ಟುಕೊಂಡಿರುವ ಕೊರಿಯಾದ ನಿರ್ಮಾಪಕರು. ಇವರ ಬಗ್ಗೆ ನನಗೆ ಅಪಾರ ಗೌರವ. ಅದೇ ವರ್ಷ ಅವರು ‘ಪೊಂಗ್’ ಎಂಬ ತಮ್ಮದೇ ಆಲ್ಬಮ್ ತಂದಿದ್ದರು. ಕೊರಿಯಾದ ಹಿರಿಯರು ಹೆದ್ದಾರಿಯ ಬಸ್ಸುಗಳಲ್ಲಿ ಕೇಳುವ, ನಗರದ ಯುವಕರು ಹಳೆಯದೆಂದು ಬಿಟ್ಟಿದ್ದ ಪೊಂಗ್‌ಜಾಕ್ ಸಂಗೀತವನ್ನು ವರ್ಷಗಟ್ಟಲೆ ಅಗೆದು ಮಾಡಿದ ಕೆಲಸ ಅದು. 2023ರ ಕೊರಿಯನ್ ಮ್ಯೂಸಿಕ್ ಅವಾರ್ಡ್ಸ್‌ನಲ್ಲಿ ವರ್ಷದ ಆಲ್ಬಮ್ ಪ್ರಶಸ್ತಿಯೂ ಅದಕ್ಕೇ ಬಂತು. ತನ್ನ ನೆಲದ ತಾಳವನ್ನು ಅಷ್ಟು ಹತ್ತಿರದಿಂದ ಕೇಳಿದ ಕಿವಿಯೇ ಹೊರಗಿನ ತಾಳವನ್ನೂ ಇಷ್ಟು ಅಚ್ಚುಕಟ್ಟಾಗಿ ಕೂರಿಸಿದೆ ಎಂಬುದು ನನ್ನ ನಂಬಿಕೆ.

ಈಗ ‘ಹೈಪ್ ಬಾಯ್’. ವೇಗ ನಿಮಿಷಕ್ಕೆ ಸುಮಾರು 100 ಪೆಟ್ಟು. ಪಲ್ಲವಿಯ ಕೆಳಗೆ ಓಡುವ ಲಯವನ್ನು ಮೂಂಬಾಟನ್ ಎನ್ನುತ್ತಾರೆ. 2009ರಲ್ಲಿ ಅಮೆರಿಕದ ವಾಷಿಂಗ್ಟನ್‌ನ ಡಿಜೆ ಡೇವ್ ನಾಡಾ ಡಚ್ ಹೌಸ್ ಎಂಬ ಕ್ಲಬ್ ಸಂಗೀತದ ಒಂದು ಹಾಡಿನ ವೇಗವನ್ನು 108ಕ್ಕೆ ತಗ್ಗಿಸಿದಾಗ ಹುಟ್ಟಿದ್ದು ಅದು. ಆದರೆ ಒಳಗಿನ ಎಲುಬು ಇನ್ನೂ ಹಳೆಯದು: ಡೆಂಬೋ ಎಂಬ ಲಯ. ಜಮೈಕಾದ ಸ್ಟೀಲಿ ಮತ್ತು ಕ್ಲೀವಿ ಜೋಡಿ 1989ರಲ್ಲಿ ಮಾಡಿದ ‘ಫಿಶ್ ಮಾರ್ಕೆಟ್’ ವಾದ್ಯಸಂಗೀತದಿಂದ ಹೊರಟು ಪನಾಮಾ, ನ್ಯೂಯಾರ್ಕ್, ಪೋರ್ಟೊ ರಿಕೊ ದಾಟಿ ರೆಗೆಟಾನ್ ಎಂಬ ಕುಣಿತದ ಸಂಗೀತವಾಗಿ, ಕೊನೆಗೆ ಕೊರಿಯಾದ ರಾಜಧಾನಿ ಸೋಲ್‌ಗೆ ಬಂದಿದೆ. ಕಪ್ಪು ಜನರು ಮತ್ತು ಕೆರಿಬಿಯನ್ ಬಡಾವಣೆಗಳ ಯುವಜನರು ಕಟ್ಟಿದ ಲಯವಿದು. ತಂಡದ ಮಕ್ಕಳಿಗೂ ಇದನ್ನು ಹೇಳಿಕೊಡಿ.

ಎಣಿಕೆ ಹೀಗೆ. ಒಂದು ಬಾರ್‌ನಲ್ಲಿ ನಾಲ್ಕು ಪೆಟ್ಟು, ಪ್ರತಿ ಪೆಟ್ಟಿಗೆ ನಾಲ್ಕು ಮಾತ್ರೆ. ಕಾಲಿನಲ್ಲಿ ಪೆಟ್ಟು ಹಾಕುತ್ತಾ ಬಾಯಲ್ಲಿ ‘ತಕಿಟ ತಕಿಟ ತಕ’ ಹೇಳಿ. ಮೂರು, ಮೂರು, ಎರಡು, ಒಟ್ಟು ಎಂಟು ಮಾತ್ರೆ, ಅಂದರೆ ಎರಡು ಪೆಟ್ಟು. ಕಿಕ್ (ಡ್ರಮ್ಸ್‌ನ ತಗ್ಗಿನ ದಪ್ಪ ಸದ್ದು) ಕಾಲಿನ ಪೆಟ್ಟಿನ ಮೇಲೆ ಬೀಳುತ್ತದೆ: 1 ಮತ್ತು 5ನೇ ಮಾತ್ರೆ. ಸ್ನೇರ್ (ಚುರುಕಾದ ಚಟ್ ಸದ್ದು) ಎರಡನೆಯ ‘ತಕಿಟ’ ಮತ್ತು ಕೊನೆಯ ‘ತಕ’ ಶುರುವಾಗುವಲ್ಲಿ ಬೀಳುತ್ತದೆ: 4 ಮತ್ತು 7ನೇ ಮಾತ್ರೆ. ಇದೇ ಮತ್ತೊಮ್ಮೆ ಬಂದರೆ ಒಂದು ಬಾರ್ ಪೂರ್ಣ. ಎರಡೂ ಒಟ್ಟಿಗೆ ಎಂದೂ ಬೀಳುವುದಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ಎಡಗೈಗೆ ಕಿಕ್, ಬಲಗೈಗೆ ಸ್ನೇರ್ ಕೊಟ್ಟುಬಿಡಿ. ಎಡ, ಬಲ, ಎಡ, ಬಲ ಎಂದು ಕೈ ತಾನಾಗಿಯೇ ಬದಲಾಗುತ್ತದೆ. ನಡುವಿನ ಬಿಡುವಿನ ಅಳತೆಯಷ್ಟೇ ಅಭ್ಯಾಸವಾಗಬೇಕು. ಯೂಟ್ಯೂಬ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ಹಾಡು 75ರ ಆಸುಪಾಸಿಗೆ ಬರುತ್ತದೆ, ಅಲ್ಲಿ ಕೂತು ಅಭ್ಯಾಸ ಮಾಡಿ. ಮೊಬೈಲ್‌ನ ಸ್ಪೀಕರಿನಲ್ಲಿ ಕೇಳಲೇಬೇಡಿ. ಕಿಕ್‌ನ ತಳ ಅದರಲ್ಲಿ ಬರುವುದೇ ಇಲ್ಲ, ‘ಎಲ್ಲವೂ ಒಂದೇ’ ಎನಿಸಿದ್ದಕ್ಕೆ ಬಹುಶಃ ಅದೇ ಕಾರಣ. ಹೆಡ್‌ಫೋನ್ ಹಾಕಿಕೊಳ್ಳಿ.

ಮೃದಂಗದ ಕೈಗೆ ಖಾಲಿ ಜಾಗ ಕಂಡರೆ ತುಂಬುವ ಆಸೆ. ಇಲ್ಲಿ ತುಂಬಬೇಡಿ. ಈ ಆಲ್ಬಮ್‌ನ ಸೊಗಸು ಇರುವುದೇ ಬಿಟ್ಟ ಜಾಗದಲ್ಲಿ: ಕೆಲವೇ ನಾದಗಳು, ಅವುಗಳ ಮೇಲೆ ಸಹಜವಾಗಿ ಹಾಡುವ ಎಳೆಯ ಕಂಠಗಳು. ಪ್ಯಾಡ್‌ನಲ್ಲಿ ಮೂರು ಧ್ವನಿ ಸಾಕು. ಗಿಡ್ಡ ಕಿಕ್, ಒಣ ಸ್ನೇರ್, ಗಿಲಕಿಯಂತೆ ಸದ್ದು ಮಾಡುವ ಒಂದು ಶೇಕರ್. ರಿವರ್ಬ್, ಅಂದರೆ ಸದ್ದಿನ ಹಿಂದೆ ಬರುವ ಗುಂಗು, ಪೂರ್ತಿ ತೆಗೆಯಿರಿ. ಆರ್ಕೆಸ್ಟ್ರಾದವರು ಹಾಕಿಕೊಳ್ಳುವ ದೊಡ್ಡ ಢೋಲಕ್ ಕಿಟ್ ಈ ಹಾಡನ್ನು ಮುಳುಗಿಸಿಬಿಡುತ್ತದೆ.

‘ಕುಕಿ’, ‘ಹರ್ಟ್’ ನಿಧಾನಗತಿಯ ಆರ್ ಆ್ಯಂಡ್ ಬಿ, ನಿಮ್ಮ ಸದ್ಯದ ಕೆಲಸಕ್ಕೆ ಬೇಡ. ಆದರೆ ಹಲವು ಹಾಡು ಜೋಡಿಸಿ ಮೆಡ್ಲಿ ಮಾಡುವ ಯೋಚನೆ ಇದ್ದರೆ ಮೊದಲ ಆಲ್ಬಮ್‌ನ ನಂತರ ಬಂದ ಎರಡು ಹಾಡು ನೋಡಿ. 2022ರ ಡಿಸೆಂಬರಿನ ‘ಡಿಟ್ಟೊ’ ಬಾಲ್ಟಿಮೋರ್ ಕ್ಲಬ್ ಎಂಬ ಅಮೆರಿಕದ ಕುಣಿತದ ಸಂಗೀತದ ಶೈಲಿಯದು, ವೇಗ ಸುಮಾರು 134. 2023ರ ‘ಸೂಪರ್ ಶೈ’ ಅದರ ತಂಗಿಯಂತಿರುವ ಜೆರ್ಸಿ ಕ್ಲಬ್ ಕಡೆಗೆ ವಾಲುತ್ತದೆ, ವೇಗ ಸುಮಾರು 150. ಜೆರ್ಸಿ ಕ್ಲಬ್ ಬೆಳೆದದ್ದು ನ್ಯೂಜೆರ್ಸಿಯ ನೆವಾರ್ಕ್ ನಗರದಲ್ಲಿ. ಅದರ ಐದು ಕಿಕ್‌ಗಳ ಮೂಲ ಲೆಕ್ಕ ನಿಮಗೆ ಕ್ಷಣದಲ್ಲಿ ಹಿಡಿಯುತ್ತದೆ: ‘ತಕದಿಮಿ ತಕದಿಮಿ ತಕಿಟ ತಕಿಟ ತಕ’. ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಒಂದು ಕಿಕ್. ಬಾರ್‌ನ ಮೊದಲರ್ಧ ನೇರ ನಡೆ, ಉಳಿದರ್ಧ ಅದೇ ಮೂರು, ಮೂರು, ಎರಡು. ಅಂದರೆ ‘ಹೈಪ್ ಬಾಯ್’ಗೆ ಕಲಿತ ಲೆಕ್ಕ ಇಲ್ಲಿ ಮತ್ತೆ ಕೈಗೆ ಬರುತ್ತದೆ. ಮೆಡ್ಲಿಯಲ್ಲಿ ಹಾಡು ಬದಲಾಗುವ ಜಾಗದಲ್ಲಿ ಎರಡು ಬಾರ್ ಬರೀ ‘ತಕಿಟ ತಕಿಟ ತಕ’ ಕಿಕ್ ಕೊಟ್ಟರೆ ಮಕ್ಕಳ ಹೆಜ್ಜೆಗೆ ಹೊಸ ವೇಗ ಸಿಗಲು ಸಮಯವಾಗುತ್ತದೆ.

ಕಾರ್ಯಕ್ರಮದ ದಿನ ಮೂಲ ಹಾಡು ಟ್ರ್ಯಾಕ್‌ನಲ್ಲಿ ಓಡುತ್ತಿರುತ್ತದೆ, ಅದರಲ್ಲೂ ಕಿಕ್ ಇದೆ. ಎರಡು ಕಿಕ್ ಕೂದಲೆಳೆ ಹಿಂದೆಮುಂದಾದರೂ ಸದ್ದು ಕಲಸಿಹೋಗುತ್ತದೆ. ಪ್ಯಾಡ್‌ನ ಕಿಕ್ ತಗ್ಗಿಸಿ, ಸ್ನೇರ್ ಮತ್ತು ಶೇಕರ್ ಮುಂದೆ ತನ್ನಿ. ನಿಮ್ಮ ಕಡೆಗೇ ತಿರುಗಿದ ಸ್ಪೀಕರ್, ಅಂದರೆ ಒಂದು ಮಾನಿಟರ್, ಬೇಕೆಂದು ಮೈಕ್‌ಸೆಟ್‌ನವರಿಗೆ ಮೊದಲೇ ಹೇಳಿಡಿ. ಅಭ್ಯಾಸದ ರೆಕಾರ್ಡಿಂಗ್ ಇಲ್ಲಿ ಹಾಕಿ, ಸ್ನೇರ್ 4ರ ಮೇಲೆ ಬೀಳುತ್ತಿದೆಯೋ 5ಕ್ಕೆ ಜಾರುತ್ತಿದೆಯೋ ಕೇಳಿ ಹೇಳುತ್ತೇನೆ.